ಬಿಸಿಲು ಕಾಣದ ರೊಟ್ಟಿ

ಎರಡು ರೊಟ್ಟಿ ಕಡಿಮೆ ಇದ್ದವು. ಸಾಬ್ರೀನ್ ಮಾಳಿಗೆಯ ಮೇಲೆ ನಿಂತು ಇನ್ನೊಮ್ಮೆ ಎಣಿಸಿದಳು. ತೌಡು ಉದುರಿಸಿದ ಮಣ್ಣಿನ ತಟ್ಟೆಗಳು ಗೋಡೆಯುದ್ದಕ್ಕೂ ಸಾಲಾಗಿ ಕೂತಿದ್ದವು. ಒಂದೊಂದರ ಮೇಲೂ ಹುದುಗು ಬೆರೆಸಿದ ಒಂದೊಂದು ಹಿಟ್ಟಿನ ಮುದ್ದೆ ಬಿಸಿಲಿಗೆ ಮುಖ ಕೊಟ್ಟು ನಿಧಾನಕ್ಕೆ ಉಬ್ಬುತ್ತಿತ್ತು. ಅವಳು ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಮಂಗಳವಾರದ ಹಿಟ್ಟಿಗೆ ಹದಿನಾಲ್ಕು ತಟ್ಟೆ. ಇವತ್ತು ಹನ್ನೆರಡು.

ಕೆಳಗೆ ಅಂಗಳದಲ್ಲಿ ಅತ್ತೆ ನಬವಿಯಾ ಒಲೆಗೆ ಜೋಳದ ದಂಟು ತುರುಕುತ್ತಿದ್ದಳು.

"ಅತ್ತೆ, ಇನ್ನೆರಡು ತಟ್ಟೆ ಎಲ್ಲಿ?"

"ಒಡೆದುಹೋದ್ವು."

"ಎರಡೂನಾ?"

"ಒಂದು ಒಡೀತು. ಅದನ್ನ ನೋಡಿ ಇನ್ನೊಂದೂ ಒಡೀತು. ಏನೇ, ಪೊಲೀಸ್ ಠಾಣೆನಾ ಇದು? ಹಿಟ್ಟಿನ ಕಡೆ ನೋಡು, ಕಾಗೆ ಕೂತೀತು."

ಅಂಗಳದಲ್ಲಿ ಒಡೆದ ಚೂರು ಒಂದೂ ಕಾಣಲಿಲ್ಲ. ಅತ್ತೆಗೆ ಮರೆವು ಶುರುವಾಯಿತೇನೋ ಎಂದುಕೊಂಡಳು ಸಾಬ್ರೀನ್. ಹೋದ ವಾರ ಮುದುಕಿ ಬೇಳೆಗೆ ಎರಡು ಸಲ ಉಪ್ಪು ಹಾಕಿದ್ದಳು. ಇಂಥವಳನ್ನು ಬಿಟ್ಟು ಹೋಗುವುದು ಹೇಗೆ?

ಗುರುವಾರದೊಳಗೆ ತಮ್ಮ ರಜಬ್‌ಗೆ ಉತ್ತರ ಹೇಳಬೇಕಿತ್ತು. ಅವನು ಅಲೆಕ್ಸಾಂಡ್ರಿಯದ ಒಂದು ಬಟ್ಟೆ ಕಾರ್ಖಾನೆಯಲ್ಲಿ ಕತ್ತರಿ ಹಿಡಿಯುವವನು. ಅಲ್ಲೊಂದು ಹೊಲಿಗೆಯ ಜಾಗ ಖಾಲಿಯಾಗಿತ್ತು, ಹತ್ತಿರದಲ್ಲೇ ಒಂದು ಕೋಣೆಯೂ ಸಿಕ್ಕಿತ್ತು. ಕೆನಾ ಪಟ್ಟಣದ ಪಕ್ಕದ ಈ ಹಳ್ಳಿಯಲ್ಲಿ ಸಾಬ್ರೀನಳ ಹೊಲಿಗೆ ಯಂತ್ರ ಸದ್ದು ಮಾಡುವುದು ಹಬ್ಬಕ್ಕೆ, ಮದುವೆಗೆ, ಅಷ್ಟೇ. ಮೂರು ವರ್ಷದ ಹಿಂದೆ ಗಂಡ ಹಮ್ದಿ ತೀರಿಕೊಂಡಾಗ, ಮಕ್ಕಳಿಲ್ಲದ ಸೊಸೆ ಇನ್ನು ತವರಿಗೆ ಹೋಗುತ್ತಾಳೆ ಎಂದು ಊರೆಲ್ಲ ಅಂದುಕೊಂಡಿತ್ತು. ಅವಳು ಹೋಗಲಿಲ್ಲ. ಯಾಕೆ ಅಂತ ಅತ್ತೆ ಕೇಳಲಿಲ್ಲ, ಸೊಸೆ ಹೇಳಲಿಲ್ಲ.

ಒಂದು ತಿಂಗಳಿಂದ ಮನೆಯಲ್ಲಿ ಅದೇ ಮಾತು. ವಿಚಿತ್ರವೆಂದರೆ, ಹೋಗು ಹೋಗು ಎನ್ನುತ್ತಿದ್ದವಳು ಅತ್ತೆಯೇ.

"ಅಲ್ಲಿ ವರ್ಷವಿಡೀ ಕೆಲಸ ಇರುತ್ತೆ. ಈ ಹಾಳು ಸೆಕೆ ಇಲ್ಲ. ಈ ವಿಧವೆಯ ಕಪ್ಪು ಬಟ್ಟೆ ಬಿಟ್ಟು ನೀನು ಗಿಳಿ ಹಸಿರು ಉಟ್ಟರೂ ಯಾರೂ ತಿರುಗಿ ನೋಡಲ್ಲ."

"ನೀವೂ ಬರೋದಾದ್ರೆ ಹೋಗ್ತೀನಿ."

"ನಾನಾ? ಮೂರನೇ ಮಹಡಿಗೆ? ಈ ಮಂಡಿ ಇಟ್ಕೊಂಡು? ಕ್ರೇನ್ ತರಿಸ್ತೀಯಾ?"

"ಸಮುದ್ರ ನೋಡಬಹುದು ಅತ್ತೆ."

"ನಾನು ನೀರು ಕಾಣದವಳಾ? ನೈಲ್ ಇಲ್ಲೇ ಇದೆ. ಕುಡಿಯೋಕೂ ಬರುತ್ತೆ. ಆ ಕೋಣೆಗೆ ಬಿಸಿಲೇ ಬೀಳಲ್ಲ ಅಂತ ನಿನ್ನ ತಮ್ಮನೇ ಅಂದನಲ್ಲ. ಬಿಸಿಲಿಲ್ದೆ ರೊಟ್ಟಿ ಉಬ್ಬೋದು ಹೇಗೆ?"

"ರೊಟ್ಟಿ ಅಂಗಡೀಲಿ ಸಿಗುತ್ತೆ ಬಿಡಿ."

ಆ ಮಾತು ಆಡಬಾರದಿತ್ತು. "ಹಂಗಾದ್ರೆ ಅಲ್ಲಿ ನಾನ್ಯಾಕೆ?" ಎಂದವಳೇ ನಬವಿಯಾ ಎದ್ದುಹೋಗಿದ್ದಳು. ಅದಾಗಿ ಎರಡು ವಾರ. ಆ ಪ್ರಶ್ನೆ ಸಿಟ್ಟಿನದಲ್ಲ, ಅಲ್ಲಿ ತನಗೇನೂ ಕೆಲಸವಿರದೆಂಬ ಭಯದ್ದು ಎಂದು ಸಾಬ್ರೀನಳಿಗೆ ಹೊಳೆಯಲು ಒಂದು ವಾರ ಬೇಕಾಯಿತು.

ಮಧ್ಯಾಹ್ನದ ಹೊತ್ತಿಗೆ ಹನ್ನೆರಡೂ ಉಬ್ಬಿ ನಿಂತವು. ಇನ್ನು ಖರ್ಜೂರದ ಮುಳ್ಳಿನಿಂದ ಅಂಚು ಸೀಳಬೇಕು. ಹಾಗೆ ಸೀಳಿದರೇ ಬೇಯುವಾಗ ರೊಟ್ಟಿಯ ಅಂಚು ಎದ್ದು ಕಿವಿ ಮೂಡುವುದು. ಮುಳ್ಳು ಹುಡುಕುತ್ತ ಸಾಬ್ರೀನ್ ಹಿಂದಿನ ಕಾಳಿನ ಕೋಣೆಗೆ ಹೋದಳು. ಒಳಗೆ ಹಗಲಲ್ಲೇ ಕಗ್ಗತ್ತಲೆ. ಕಿಟಕಿಗೆ ಗೋಣಿಚೀಲ ಬಿಗಿದಿತ್ತು. ಗೋಣಿಯ ತೂತುಗಳಿಗೆಲ್ಲ ಚಿಂದಿ ತುರುಕಿತ್ತು.

ಮಂಚದ ಕೆಳಗೆ ಹಮ್ದಿಯ ಉಣ್ಣೆಯ ಕೋಟು ಯಾರೋ ಮಲಗಿದ ಹಾಗೆ ಉಬ್ಬಿಕೊಂಡಿತ್ತು. ಅವಳು ಅಂಚೆತ್ತಿ ನೋಡಿದಳು. ಎರಡು ತಟ್ಟೆ, ಎರಡು ಹಿಟ್ಟಿನ ಮುದ್ದೆ, ನಡುವೆ ಬಟ್ಟೆ ಸುತ್ತಿದ ಬೆಚ್ಚನೆಯ ಇಟ್ಟಿಗೆ. ಹಿಟ್ಟು ಇಟ್ಟಿಗೆಯ ಕಡೆಗೇ ವಾಲಿ, ಒಂದು ಮಗ್ಗುಲಿಗೆ ಹರಡಿಕೊಂಡಿತ್ತು.

ಇದು ಮರೆವಿನ ಕೆಲಸವಲ್ಲ. ಅವಳು ನೆಲದ ಮೇಲೆ ಕೂತು ಸುತ್ತ ನೋಡಿದಳು. ರಜಬ್ ಹೇಳಿದ್ದ ಕೋಣೆಯೂ ಹೆಚ್ಚುಕಡಿಮೆ ಇಷ್ಟೇ. ಒಂದು ಮಂಚ, ಒಂದು ಹೊಲಿಗೆ ಯಂತ್ರ ಇಡುವಷ್ಟು ಜಾಗ, ಪಕ್ಕದ ಕಟ್ಟಡದ ಗೋಡೆಗೆ ತೆರೆಯುವ, ಬಿಸಿಲು ಬೀಳದ ಒಂದು ಕಿಟಕಿ.

ಕೋಟನ್ನು ಮೊದಲಿದ್ದ ಹಾಗೆಯೇ ಹೊದಿಸಿ, ಮುಳ್ಳು ತೆಗೆದುಕೊಂಡು ಹೊರಗೆ ಬಂದು ಹನ್ನೆರಡರ ಅಂಚೂ ಸೀಳಿದಳು.

ಒಲೆ ಕಾದ ಮೇಲೆ ನಬವಿಯಾ ಎಲ್ಲೋ ನೋಡುತ್ತ, "ಹೋಗಿ ಪಕ್ಕದ ಮನೆ ಉಮ್ಮ್ ಶಹಾತ ಹತ್ರ ಜರಡಿ ಇಸ್ಕೊಂಡು ಬಾ" ಎಂದಳು. ಮನೆಯಲ್ಲಿ ಎರಡು ಜರಡಿ ಇದ್ದವು. ಆದರೂ ಸಾಬ್ರೀನ್ ಹೋದಳು. ಉಮ್ಮ್ ಶಹಾತಳ ಹಲ್ಲುನೋವಿನ ಕಥೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿದಳು. ಕೇಳಿದ್ದನ್ನೇ ಇನ್ನೊಮ್ಮೆ ಹೇಳಿಸಿಕೊಂಡಳು.

ವಾಪಸು ಬಂದಾಗ ಚಾಪೆಯ ಮೇಲೆ ಹದಿನಾಲ್ಕು ರೊಟ್ಟಿ ಹಬೆಯಾಡುತ್ತಿದ್ದವು. ಹನ್ನೆರಡಕ್ಕೆ ಕಿವಿ ನಿಮಿರಿತ್ತು. ಎರಡು ಚಪ್ಪಟೆ, ಸೊಟ್ಟ. ಅವಳು ಬಗ್ಗಿ ಸೊಟ್ಟದ್ದೊಂದನ್ನು ಎತ್ತಿಕೊಂಡಳು.

"ಅದು ಬೇಡ, ಮೇಕೆಗಿಟ್ಟಿದ್ದು."

ಸಾಬ್ರೀನ್ ಮುರಿದು ಬಾಯಿಗಿಟ್ಟಳು. ಒಳಗೆ ಅಂಟಂಟು. ತುಂಬ ಹೊತ್ತು ಅಗಿಯಬೇಕಾಯಿತು.

"ಹುಳಿ ಇದೆ."

"ನಂಗೊತ್ತಿಲ್ವಾ? ಹೊತ್ತು ಜಾಸ್ತಿ ಹಿಡೀತು. ಹೋದ ವಾರ ಮಿಕ್ಕ ಹಿಟ್ಟಲ್ಲಿ ಮಾಡಿದ್ದನ್ನ ಮೇಕೆ ಮೂಸಲೂ ಇಲ್ಲ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು ಮುದುಕಿ.

"ಹೋದ ವಾರನೂ ಮಾಡಿದ್ರಾ?"

ನಬವಿಯಾ ಬೆನ್ನು ತಿರುಗಿಸಿ ಒಲೆಯ ಬಾಯಿಯ ಬೂದಿ ಗುಡಿಸತೊಡಗಿದಳು. "ಇದನ್ನ ನೀನಾದರೂ ತಿಂತಿದೀಯ. ಸುಧಾರಿಸಿದೆ ಅಂತಾಯ್ತು." ಪೊರಕೆ ಎರಡು ಸಲ ಆಡಿತು. "ಅಲ್ಲಿ ಮೀನು ಜಾಸ್ತಿಯಂತೆ. ಮೀನಿಗೆ ಸ್ವಲ್ಪ ಹುಳಿ ರೊಟ್ಟಿ ನಡೆಯುತ್ತೆ ಅನ್ಸುತ್ತೆ."

ಸಾಬ್ರೀನ್ ಗುರುವಾರದವರೆಗೆ ಕಾಯಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗಿ ಫೋನ್ ಹಚ್ಚಿದಳು. ಅತ್ತಕಡೆ ಯಂತ್ರಗಳ ಗದ್ದಲ.

"ಹೇಳಕ್ಕ, ಏನು ತೀರ್ಮಾನ?" ರಜಬ್ ಕೂಗಿದ.

"ಆ ಕೋಣೇಲಿ ಎಲ್ಲಕ್ಕಿಂತ ಬೆಚ್ಚಗಿರೋ ಮೂಲೆ ಯಾವುದು?"

"ಏನು?"

"ಬೆಚ್ಚಗಿರೋ ಮೂಲೆ ಕಣೋ!"

"ಗ್ಯಾಸ್ ಒಲೆ ಹಿಂದೆ ಸ್ವಲ್ಪ ಜಾಗ ಇದೆ. ಯಾಕೆ, ಚಳಿಗೆ ಹೆದರ್ತೀಯಾ?"

ಪೊರಕೆಯ ಸದ್ದು ನಿಂತಿತ್ತು. ನಬವಿಯಾ ಬೂದಿಗೈಯಲ್ಲೇ ಬಂದು ಸೊಸೆಯ ಭುಜಕ್ಕೆ ಒತ್ತಿ ನಿಂತು, ಫೋನಿನ ಇನ್ನೊಂದು ಬದಿಗೆ ಕಿವಿ ಕೊಟ್ಟಿದ್ದಳು.

"ಎಷ್ಟಗಲ ಅಂತ ಕೇಳೇ," ಪಿಸುಗುಟ್ಟಿದಳು.

ಸಾಬ್ರೀನ್ ಕೇಳುವಷ್ಟರಲ್ಲಿ ಮುದುಕಿಯೇ ಎರಡೂ ಕೈ ಮುಂದೆ ಚಾಚಿ ಗಾಳಿಯಲ್ಲಿ ಅಳತೆ ಹಿಡಿದಳು, ಒಂದು ತಟ್ಟೆಯಷ್ಟು. ಸ್ವಲ್ಪ ಯೋಚಿಸಿ, ಕೈಗಳನ್ನು ಇನ್ನೊಂದಿಷ್ಟು ದೂರ ಸರಿಸಿದಳು.