ನನ್ನ ಮನೆಯ ಕಂಬ ಹೇಳಿದ ಸುಳ್ಳು

ಬ್ರಹ್ಮಪುತ್ರ ನದಿಯನ್ನು ಒಮ್ಮೆ ನಾನು ಕೆಮ್ಮಿ ಹೆದರಿಸಿದ್ದೇನೆ. ನಗಬೇಡಿ. ತುಂಬು ಮಳೆಗಾಲದಲ್ಲಿ ದಡದ ಮೇಲೆ ನಿಂತು ಒಂದೇ ಒಂದು ಸಲ ಗಂಟಲು ಸರಿಮಾಡಿಕೊಂಡೆ ಅಷ್ಟೇ. ನದಿ ಬೆಚ್ಚಿ ಎರಡು ಹರದಾರಿ ಆಚೆ ಸರಿದುಹೋಯಿತು. ಅದು ಬಿಟ್ಟುಹೋದ ಜಾಗದಲ್ಲಿ ಸಿಕ್ಕ ಮೀನನ್ನು ಮೂರು ಊರಿನವರು ಮುಂದಿನ ಚಳಿಗಾಲದವರೆಗೆ ತಿಂದರು. ನನ್ನ ಹೆಸರು ಡಂಬರು ಪಾಯೆಂಗ್. ಅಸ್ಸಾಮಿನ ಧೇಮಾಜಿ ಕಡೆಯ ಕೆಕುರಿಗಾಂವ್‌ಗೆ ಬಂದು ಹೆಸರು ಹೇಳಿ ಸಾಕು, ನಾಯಿಗಳೇ ನಿಮ್ಮನ್ನು ನನ್ನ ಮನೆಗೆ ಕರೆತರುತ್ತವೆ.

ನಾವು ಮಿಸಿಂಗ್ ಜನ. ನಮ್ಮ ಮನೆ ನೆಲಕ್ಕೆ ತಾಗುವುದಿಲ್ಲ, ಕಂಬಗಳ ಮೇಲೆ ನಿಲ್ಲುತ್ತದೆ. ಮೇಲೆ ಬಿದಿರಿನ ನೆಲ, ಒಲೆ, ನಾವು. ಕೆಳಗೆ ಹಂದಿ, ಕೋಳಿ, ಹೆಂಗಸರ ಮಗ್ಗ. ನದಿ ದಡವನ್ನು ಕಚ್ಚಿಕೊಂಡು ಹತ್ತಿರ ಬಂದರೆ ನಾವು ಮನೆ ಬಿಚ್ಚಿ ದೋಣಿಗೆ ಹೇರಿ ಹಿಂದಕ್ಕೆ ಸರಿಯುತ್ತೇವೆ. ಹುಲ್ಲಿನ ಮಾಡು ಹೋಗಲಿ, ಬಿದಿರಿನ ಗೋಡೆ ಹೋಗಲಿ, ಕಂಬಗಳನ್ನು ಮಾತ್ರ ಬಿಡುವುದಿಲ್ಲ. ನಾಗಸಂಪಿಗೆ ಮರದ ಕಂಬ ಗೆದ್ದಲಿಗೂ ಜಗ್ಗುವುದಿಲ್ಲ, ನೀರಿಗೂ ಜಗ್ಗುವುದಿಲ್ಲ. ನನ್ನ ಅಜ್ಜ ಕಡಿದ ಕಂಬಗಳ ಮೇಲೆಯೇ ನಾನು ಇವತ್ತಿಗೂ ಮಲಗುವುದು.

ಮೂರು ಮಳೆಗಾಲದ ಹಿಂದೆ ನಮ್ಮ ಕೆಳಕೇರಿ ಪೂರ್ತಿ ನದಿಪಾಲಾಯಿತು. ಅಲ್ಲಿನವರು ಒಡ್ಡಿನ ಮೇಲೆ ಟಾರ್ಪಾಲು ಕಟ್ಟಿಕೊಂಡು ಕೂತರು. ಅವರಲ್ಲಿ ನನ್ನ ಮಗಳು ಜೋನಾಲಿಯೂ ಇದ್ದಳು. ಗಂಡ ಜೊತೆಗೆ, ಬೆನ್ನಿಗೆ ಹಾಲುಗೂಸು. ನನ್ನ ಮನೆಗೆ ಬಾ ಅಂದರೆ, ಕೇರಿಯವರನ್ನು ಬಿಟ್ಟು ಬರಲ್ಲ ಎಂದಳು. ಮಳೆ ಬಂದರೆ ಟಾರ್ಪಾಲಿನ ಹೊಟ್ಟೆಯನ್ನು ಕೋಲಿನಿಂದ ಎತ್ತಿ ನೀರು ಚೆಲ್ಲುತ್ತ ರಾತ್ರಿಯೆಲ್ಲ ಎಚ್ಚರವಿರುತ್ತಿದ್ದಳು. ಕೊನೆಗೆ ಸರ್ಕಾರ ಹೊಸ ಬಡಾವಣೆಗೆ ಒಪ್ಪಿಗೆ ಕೊಟ್ಟಿತು. ಜಾಗ ಆರಿಸುವುದಷ್ಟೇ ಬಾಕಿ.

ಜಾಗ ಇದ್ದದ್ದು ಎರಡು. ಒಂದು, ನನ್ನ ಮನೆಯಿರುವ ಹಳೆಯ ದಂಡೆ. ಏರು ತಗ್ಗು, ಬಿದಿರ ಮೆಳೆ, ನೋಡಲು ಏನೂ ಚಂದವಿಲ್ಲ. ಇನ್ನೊಂದು, ಸತ್ತ ಹೊಳೆಯ ಬಯಲು. ಬಹಳ ಹಿಂದೆ ನದಿಯ ಒಂದು ಕವಲು ಅಲ್ಲಿ ಹರಿಯುತ್ತಿತ್ತಂತೆ. ಈಗ ಚಳಿಗಾಲದಲ್ಲಿ ಅಲ್ಲಿ ಸಾಸಿವೆ ಹೂ ಬಿಡುತ್ತದೆ. ತಟ್ಟೆಯ ಹಾಗೆ ಮಟ್ಟಸ, ಹಳದಿ ಸೀರೆ ಹಾಸಿದ ಹಾಗೆ.

ಮಾಘ ಬಿಹು ಹಬ್ಬ ಕಳೆದ ಮಾರನೆಯ ವಾರ ನಕ್ಷೆ ಬರೆಯುವ ಬಾಬು ಬಂದ. ಮೊದಲು ನನ್ನ ದಂಡೆಗೇ ಬಂದ. ಬಂದವರಿಗೆ ಅಪೊಂಗ್ ಕೊಡದೆ ಕಳಿಸುವ ವಂಶ ನನ್ನದಲ್ಲ. ನಮ್ಮ ಮನೆಯ ಅಕ್ಕಿ ಹೆಂಡ ಒಂದು ಬಟ್ಟಲು ಕುಡಿದರೆ ಮೂಗನೂ ಹಾಡು ಹೇಳುತ್ತಾನೆ. ಬಾಬು ಎರಡು ಬಟ್ಟಲು ಕುಡಿದು ಕೇಳಿದ:

"ಖುರಾ, ಇಲ್ಲಿ ನೆರೆ ನೀರು ಎಲ್ಲಿ ತನಕ ಬರುತ್ತೆ?"

ಊರಿನ ಕಿರಿಯರೆಲ್ಲ ನನ್ನನ್ನು ಖುರಾ, ಅಂದರೆ ಚಿಕ್ಕಪ್ಪ, ಅನ್ನುತ್ತಾರೆ. ಪೇಟೆಯ ಬಾಬುವೂ ಹಾಗೆ ಕರೆದಾಗ ನನಗೆ ರೆಕ್ಕೆ ಬಂತು.

"ಎಲ್ಲಿ ತನಕ ಬರುತ್ತೆ ಅಂತ ಕೇಳ್ಬೇಡಿ ಬಾಬು, ಎಲ್ಲಿಗೆ ಬರಲ್ಲ ಅಂತ ಕೇಳಿ. ಒಂದು ವರ್ಷ ನಾನು ಮಾಡಿನ ತುದೀಲಿ ಕೂತು ಗಾಳ ಹಾಕ್ದೆ. ಏನು ಸಿಕ್ತು ಗೊತ್ತಾ? ಆನೆ!"

"ಆನೆ ಇರ್ಲಿ ಖುರಾ. ನೀರಿನ ಗುರುತು ಏನಾದ್ರೂ ಇದೆಯಾ?"

ಇಲ್ಲದೆ ಏನು! ಎದ್ದು ಮನೆಯ ಕೆಳಕ್ಕೆ ಕರೆದೊಯ್ದು ಮೂಲೆಯ ಕಂಬ ತೋರಿಸಿದೆ. ನನ್ನ ತಲೆಗಿಂತ ಒಂದು ಗೇಣು ಮೇಲೆ ಕೆಸರಿನ ಕಂದು ಗೆರೆ ಎದ್ದು ಕಾಣುತ್ತಿತ್ತು. ಬಾಬು ಅಳತೆ ಟೇಪು ಹಿಡಿದ, ಹುಬ್ಬೇರಿಸಿದ, ಬರೆದುಕೊಂಡ. "ಅಯ್ಯೋ, ಇಲ್ಲಿ ಮನುಷ್ಯ ಮುಳುಗಿಹೋಗ್ತಾನೆ. ಈ ಜಾಗ ಬೇಡವೇ ಬೇಡ" ಎಂದ. ಸಾಸಿವೆ ಬಯಲನ್ನು ಒಂದು ಸುತ್ತು ನೋಡಿ, ಹೊಸ ಊರು ಅಲ್ಲೇ ಎಂದು ಗೆರೆ ಎಳೆದುಕೊಂಡು ಹೋದ.

ನನ್ನ ಮಾತಿನ ಮೇಲೆ ಸರ್ಕಾರ ಗೆರೆ ಎಳೆಯಿತು! ಎದೆ ಎಷ್ಟು ಉಬ್ಬಿತೆಂದರೆ ಏಣಿ ಇಳಿಯಲು ಅಡ್ಡ ತಿರುಗಬೇಕಾಯಿತು. ಮನೆಯ ಕೆಳಗೆ ನನ್ನ ಹೆಂಡತಿ ಬೊಗಿತೊರಾ ಮಗ್ಗದಲ್ಲಿ ಕೂತಿದ್ದಳು. ಅವಳಿಗೆ ಸುದ್ದಿ ಹೇಳಿದೆ. ಲಾಳಿ ನಿಂತಿತು.

"ನಮ್ಮ ಜೋನಾಲಿ ಮನೆ ಎಲ್ಲಿ ಬರುತ್ತೆ?"

"ಬಯಲಿನ ನಡುಮಧ್ಯೆ. ಪಲ್ಲಂಗದ ಮೇಲೆ ಇಟ್ಟ ಹಾಗೆ."

"ಆಷಾಢದಲ್ಲಿ ನಾವು ಹೆಂಗಸ್ರು ಮೀನುಬುಟ್ಟಿ ಹಾಕೋದು ಎಲ್ಲಿ?"

"ಅದೂ... ಅಲ್ಲೇ."

"ಅಂದ್ರೆ ಮಗಳ ಅಡುಗೆಮನೇಲಿ ನಾನು ಮೀನು ಹಿಡೀಬೇಕಾ?"

"ಅದು ಸತ್ತ ಹೊಳೆ ಕಣೆ. ಮಣ್ಣು ತುಂಬಿಸ್ತಾರೆ. ಪಕ್ಕದಲ್ಲಿ ಒಡ್ಡು ಬೇರೆ ಇದೆ. ಬಾಬು ಓದಿದೋನು, ನೀನು ನೂಲು ನೋಡ್ಕೋ."

"ಸತ್ತದ್ದು ಪ್ರತಿ ವರ್ಷ ಎದ್ದು ಬಂದು ನನ್ನ ಸೊಂಟದ ತನಕ ನಿಲ್ಲುತ್ತಾ? ಬಾಬು ನಿನ್ನನ್ನ ಕೇಳ್ದ. ಇಲ್ಲೇ ಕೆಳಗೆ ಕೂತಿದ್ದೆನಲ್ಲ, ನನ್ನನ್ಯಾಕೆ ಕೇಳ್ಲಿಲ್ಲ?"

ನಾನು ಅವಳಿಗೆ ಆನೆಯ ಕಥೆಯನ್ನೇ ಮತ್ತೊಮ್ಮೆ ಹೇಳಿದೆ. ಅವಳು ತನ್ನ ಮಹಿಳಾ ಸಂಘದ ಹೆಂಗಸರನ್ನು ಕಟ್ಟಿಕೊಂಡು ಬ್ಲಾಕ್ ಆಫೀಸಿಗೆ ಹೊರಟುಹೋದಳು.

ನಾಲ್ಕಾರು ದಿನಗಳಲ್ಲಿ ಆ ಆಫೀಸಿನಿಂದ ಮೊರೊಮಿ ದೋಲೆ ಸ್ಕೂಟರಿನಲ್ಲಿ ಬಂದಳು. ಆಚೆ ಊರಿನ ನಮ್ಮದೇ ಹುಡುಗಿ. ನೆರೆ ಬರುವ ಊರುಗಳಲ್ಲಿ ಮನೆ ಎಲ್ಲಿ ಕಟ್ಟಬೇಕು, ಹೇಗೆ ಕಟ್ಟಬೇಕು ಎಂದು ನೋಡುವುದು ಅವಳ ಕೆಲಸ. ಗಂಡಸರು, ಹೆಂಗಸರು ಎಲ್ಲರೂ ಬಂದ ಮೇಲೆಯೇ ಮಾತು ಎಂದಳು. ಊರಿನ ಹಿರಿಯನ ಅಂಗಳದಲ್ಲಿ ಎಲ್ಲರೂ ಸೇರಿದೆವು.

ನಾನೇ ಮೊದಲು ಎದ್ದೆ. "ಬೈದೇವ್," ಎಂದೆ. ಅಧಿಕಾರದ ಹೆಣ್ಣುಮಗಳನ್ನು, ವಯಸ್ಸಿನಲ್ಲಿ ಕಿರಿಯಳಾದರೂ, ನಾವು ಅಕ್ಕ ಎಂದೇ ಕರೆಯುವುದು. "ಬೈದೇವ್, ತಗ್ಗಾದ್ರೆ ಏನಾಯ್ತು? ಪಕ್ಕದಲ್ಲೇ ಒಡ್ಡು ಇದೆ. ನೂರು ಲಾರಿ ಮಣ್ಣು ಸುರಿದ್ರೆ ತಗ್ಗು ಗುಡ್ಡ ಆಗುತ್ತೆ. ಬೇಕಾದ್ರೆ ನಾನೊಬ್ಬನೇ ಒಂದು ಮಧ್ಯಾಹ್ನದಲ್ಲಿ ತುಂಬಿಸ್ತೀನಿ."

"ಕೂತ್ಕೊಳ್ಳಿ ಖುರಾ. ನಿಮ್ಮ ಬಟ್ಟಲು ಸ್ವಲ್ಪ ಕೊಡಿ."

ಮೊರೊಮಿ ಒಂದು ಬಾಳೆದಿಂಡಿನ ಪಟ್ಟೆ ತರಿಸಿ ಓರೆಯಾಗಿ ಹಿಡಿಸಿದಳು. ನನ್ನ ಅಪೊಂಗ್ ಅನ್ನು ಅದರ ತಲೆಯಿಂದ ಸುರಿದಳು. ಅದು ಸರಸರ ಹರಿದು ಕೆಳಗಿಟ್ಟ ಪಾತ್ರೆಗೆ ಬಿತ್ತು. "ಇದು ನಿಮ್ಮ ಸತ್ತ ಹೊಳೆ. ದೊಡ್ಡ ನೆರೆ ಬಂದಾಗ ಹೆಚ್ಚಾದ ನೀರು ಹೋಗೋದೇ ಇಲ್ಲಿ." ಆಮೇಲೆ ಒಂದು ಹಿಡಿ ಜೇಡಿಮಣ್ಣನ್ನು ಪಟ್ಟೆಯ ನಡುವೆ ಮೆತ್ತಿದಳು. "ಇದು ಖುರಾ ಸುರಿದ ನೂರು ಲಾರಿ ಮಣ್ಣು." ಮತ್ತೆ ಸುರಿದಳು. ಅಪೊಂಗ್ ಮಣ್ಣಿಗೆ ಬಡಿದು, ಪಟ್ಟೆಯ ಅಂಚು ಹಾರಿ, ಪಕ್ಕದಲ್ಲಿ ಕೂತಿದ್ದ ನನ್ನ ಮಡಿಲಿಗೇ ಬಿತ್ತು.

"ನೋಡ್ರೋ, ಡಂಬರು ಕುಡಿಯೋ ಬದ್ಲು ಸ್ನಾನ ಮಾಡ್ದ!" ಎಂದು ಯಾರೋ ಕೂಗಿದರು. ಅಂಗಳವೆಲ್ಲ ನಕ್ಕಿತು. ನನ್ನ ದುಃಖ ಬಟ್ಟೆಗಲ್ಲ, ಹೆಂಡಕ್ಕೆ.

ಮೊರೊಮಿ ನಗಲಿಲ್ಲ. "ತುಂಬಿಸಿದ ಮಣ್ಣು ನೀರನ್ನ ಕುಡಿಯಲ್ಲ, ಪಕ್ಕದವರ ಮನೆಗೆ ತಳ್ಳುತ್ತೆ. ಆಮೇಲೆ ಆ ಮಣ್ಣೂ ಕೊಚ್ಚಿಹೋಗುತ್ತೆ, ಅದರ ಮೇಲಿನ ಮನೆಯೂ ಹೋಗುತ್ತೆ. ಒಡ್ಡು ಅಂದ್ರಲ್ಲ, ಒಡ್ಡು ಯಾವತ್ತೂ ಒಡೆದೇ ಇಲ್ವಾ?"

ಒಡ್ಡಿನ ಮೇಲೆ ವಾಸವಿದ್ದವರೆಲ್ಲ ನೆಲ ನೋಡಿದರು. ಒಡೆದದ್ದನ್ನು ಕಂಡವರೇ ಎಲ್ಲರೂ.

"ಹಾಗಾದ್ರೆ ಹಳೇ ದಂಡೆ ಯಾಕೆ ಬೇಡ ಅಂದ್ರು?" ಎಂದು ಮೊರೊಮಿ ಕೇಳಿದಳು.

"ಅಲ್ಲಿ ತಲೆ ಮೇಲೆ ನೀರು ಬರುತ್ತಂತೆ," ಎಂದ ಊರಿನ ಹಿರಿಯ. "ಡಂಬರು ಮನೆ ಕಂಬದಲ್ಲಿ ಗುರುತಿದೆಯಂತೆ."

ಇಡೀ ಸಭೆ ಎದ್ದು ನನ್ನ ಮನೆಗೆ ಬಂತು. ಬರುವ ದಾರಿಯಲ್ಲಿ ನಾನು ಗೆರೆಯ ಕಥೆಗೆ ಒಂದು ಮೊಸಳೆಯನ್ನೂ ಸೇರಿಸಿದ್ದೆ. ಮೊರೊಮಿ ಮೂಲೆಯ ಕಂಬ ನೋಡಿದಳು. ಗೆರೆ ನನ್ನ ತಲೆಗಿಂತ ಮೇಲೆ. ಬಾಬು ಅಲ್ಲಿಗೇ ನಿಲ್ಲಿಸಿದ್ದ. ಇವಳು ಮುಂದಿನ ಕಂಬಕ್ಕೆ ಹೋದಳು. ಅಲ್ಲಿ ಅದೇ ಕೆಸರಿನ ಗೆರೆ ಎದೆಯ ಮಟ್ಟಕ್ಕಿತ್ತು. ಏಣಿಯ ಪಕ್ಕದ ಕಂಬದಲ್ಲಿ ಮೊಣಕಾಲಿನ ಹತ್ತಿರ.

"ಖುರಾ, ನಿಮ್ಮ ಮನೆ ಕೆಳಗೆ ನೀರು ಇಳಿಜಾರಾಗಿ ನಿಂತಿತ್ತಾ?"

"ಆ ವರ್ಷದ ನೀರೇ ಹಾಗೆ ಬೈದೇವ್. ಸ್ವಲ್ಪ ಕುಡಿದು ಬಂದಿತ್ತು."

ಮತ್ತೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಜೋನಾಲಿ ನಗಲಿಲ್ಲ. ಬೆನ್ನಿನ ಮಗುವನ್ನು ಮುಂದಕ್ಕೆ ತಿರುಗಿಸಿಕೊಂಡು ನನ್ನೆದುರಿಗೆ ಬಂದು ನಿಂತಳು.

"ಅಪ್ಪಾ, ನೀನು ಆನೆ ಹಿಡಿ, ಹುಲಿ ಹಿಡಿ, ನಾನು ಕೇಳ್ತೀನಿ. ಈಗ ಒಂದು ಮಾತು ನಿಜ ಹೇಳು. ಮಳೆಗಾಲ ಬಂದ್ರೆ ನಾನು ಇದನ್ನ ಎಲ್ಲಿ ಮಲಗಿಸ್ಲಿ?"

ಮಗು ನನ್ನ ಮೀಸೆಗೆ ಕೈ ಚಾಚಿತು. ಬಾಯಲ್ಲಿ ಸಿದ್ಧವಾಗಿದ್ದ ಮೊಸಳೆ ಗಂಟಲಿಗೆ ವಾಪಸ್ ಹೋಯಿತು.

"ಆ ಗೆರೆ ಇಲ್ಲಿಂದಲ್ಲ," ಎಂದೆ. "ಹಳೇ ಊರಿಂದು. ನಾವು ನದಿ ಬಾಯಲ್ಲೇ ಇದ್ದಾಗ ಬಂದ ನೆರೆ. ಕಂಬ ಕಿತ್ತು ತಂದಾಗ ಗೆರೆಯೂ ಜೊತೇಲಿ ಬಂತು. ನೆಡುವಾಗ ಒಂದನ್ನ ಆಳಕ್ಕೆ ಹೂತೆ, ಒಂದರ ಕೊಳೆತ ಬುಡ ಕತ್ತರಿಸಿದೆ, ಇನ್ನೊಂದನ್ನ ತಲೆಕೆಳಗು ನೆಟ್ಟೆ."

"ಈ ದಂಡೆ ಮೇಲೆ ನೀರು ಎಲ್ಲಿ ತನಕ ಬಂದಿದೆ?"

"ಮೊಣಕಾಲು. ಎಲ್ಲಕ್ಕಿಂತ ದೊಡ್ಡ ನೆರೆಯಲ್ಲೂ ಮೊಣಕಾಲು."

ಮೊರೊಮಿ ಜಾಣೆ. ನನ್ನ ನಿಜವನ್ನೂ ಹಾಗೇ ನುಂಗಲಿಲ್ಲ. "ಖುರಾ ಹೇಳಿದ್ದು ಹೌದಾ? ಊರು ಬಿಟ್ಟು ಊರಿಗೆ ಬರದೇ ಇರೋ ಗುರುತು ಏನಿದೆ ಇಲ್ಲಿ?" ಎಂದು ಹೆಂಗಸರನ್ನು ಕೇಳಿದಳು. ಬೊಗಿತೊರಾ ಹಿತ್ತಲಿನ ಹಲಸಿನ ಮರದ ಹತ್ತಿರ ಕರೆದೊಯ್ದಳು. ಆ ದೊಡ್ಡ ನೆರೆಯಲ್ಲಿ ಹಂದಿಮರಿಗಳನ್ನು ತೆಪ್ಪದಲ್ಲಿ ಹಾಕಿ ಅದೇ ಮರಕ್ಕೆ ಕಟ್ಟಿದ್ದಳಂತೆ. ಹಗ್ಗ ಉಜ್ಜಿದ ಗಾಯ ತೊಗಟೆಯಲ್ಲಿ ಇನ್ನೂ ಇತ್ತು, ಮೊಣಕಾಲಿಗಿಂತ ತುಸು ಮೇಲೆ. ದಂಡೆಯ ಇನ್ನಿಬ್ಬರು ಮುದುಕಿಯರೂ ತಮ್ಮ ತಮ್ಮ ಹಿತ್ತಲಿನ ಮರಗಳಲ್ಲಿ ಅದೇ ಮಟ್ಟ ತೋರಿಸಿದರು. ಮೊರೊಮಿ ಮೂರನ್ನೂ ಅಳೆದಳು.

ಬಾಬು ಮತ್ತೆ ಬಂದ. ನನ್ನನ್ನು ನೋಡಿ ಹಲ್ಲು ಕಡಿದ, ಎರಡು ಬಟ್ಟಲಾದ ಮೇಲೆ ಕಡಿಯುವುದನ್ನು ನಿಲ್ಲಿಸಿದ. ಹೊಸ ಊರು ಹಳೆಯ ದಂಡೆಯ ಮೇಲೆ ಬಂತು. ಏರುತಗ್ಗಿಗೆ ತಕ್ಕಂತೆ ಮನೆಗಳು ಅಂಕುಡೊಂಕಾಗಿ ನಿಂತವು. ಸರ್ಕಾರ ಅಚ್ಚು ಹಾಕಿಸಿದ ನಕ್ಷೆಯಲ್ಲಿ ಮನೆಯ ನೆಲ ಮಣ್ಣಿಗಂಟಿಕೊಂಡಿತ್ತು. ಮೊರೊಮಿ ಆಫೀಸು ಸುತ್ತಿ ಸುತ್ತಿ ಅದನ್ನು ಸಿಮೆಂಟಿನ ಕಂಬಗಳ ಮೇಲೆ ಎತ್ತಿಸಿದಳು, ಮರದ ಗುರುತಿಗಿಂತ ಒಂದಾಳಿನಷ್ಟು ಮೇಲಕ್ಕೆ. ಕೈಪಂಪು, ಪಾಯಿಖಾನೆ, ದನಕರು ನಿಲ್ಲುವ ಜಾಗ ಎಲ್ಲಕ್ಕೂ ದಿಬ್ಬ ಹಾಕಿಸಿದಳು. ಒಡ್ಡಿಗೆ ಹೋಗುವ ದಾರಿಯನ್ನೂ ಎತ್ತರಿಸಿದರು. ಸತ್ತ ಹೊಳೆಯ ಬಯಲನ್ನು ಚಳಿಗಾಲಕ್ಕೆ ಸಾಸಿವೆಗೆ, ಮಳೆಗಾಲಕ್ಕೆ ಮೀನಿಗೆ ಬಿಟ್ಟೆವು.

ಈಗ ನಿಮಗೊಂದು ಮಾತು ಹೇಳುತ್ತೇನೆ, ಅಕ್ಕಂದಿರೇ, ಅಣ್ಣಂದಿರೇ. ನಿಮ್ಮ ಊರಿನಲ್ಲೂ ಹೊಳೆ ಇರಬಹುದು, ಅದರ ಪಕ್ಕ ಹೊಸ ಮನೆಗಳ ಮಾತು ನಡೆದಿರಬಹುದು. ಬೇಸಿಗೆಯಲ್ಲಿ ನೋಡಿ ಜಾಗ ಒಪ್ಪಬೇಡಿ. ಮಳೆಗಾಲದಲ್ಲಿ ಅಲ್ಲಿ ಯಾರು ಮೀನು ಹಿಡಿಯುತ್ತಾರೆ, ಯಾರ ದೋಣಿ ಹೋಗುತ್ತದೆ ಎಂದು ಕೇಳಿ. ಗಂಡಸರನ್ನಷ್ಟೇ ಕೇಳಬೇಡಿ. ಒಬ್ಬನ ಮಾತು ನಂಬಬೇಡಿ, ಅವನು ನನ್ನಂಥವನಿರಬಹುದು. ನೀರು ನಿಂತ ಮಟ್ಟವನ್ನು ಮೂರು ನಾಲ್ಕು ಕಡೆ, ಕದಲದ ವಸ್ತುವಿನ ಮೇಲೆ ನೋಡಿ. ನೀರು ಹೋಗುವ ದಾರಿಗೆ ಮಣ್ಣು ಹಾಕಬೇಡಿ. ಮನೆಯ ನೆಲ ನೆರೆಯ ಗುರುತಿಗಿಂತ ಮೇಲಿರಲಿ. ನಕ್ಷೆಗೆ ಗೆರೆ ಎಳೆಯುವ ದಿನ ನೀವೂ ಅಲ್ಲಿ ಇರಿ, ನಿಮ್ಮ ಹೆಂಡತಿಯೂ ಇರಲಿ, ಮಗಳೂ ಇರಲಿ.

ಇಷ್ಟು ಮಾಡಿದರೆ ಏನಾಗುತ್ತದೆ ಗೊತ್ತೇ? ಕಳೆದ ಆಷಾಢದಲ್ಲಿ ಮತ್ತೆ ದೊಡ್ಡ ನೆರೆ ಬಂತು. ಸುತ್ತಲಿನ ಊರೆಲ್ಲ ಸಮುದ್ರ. ನಮ್ಮ ಹೊಸ ಊರಿನೊಳಕ್ಕೆ ಮಾತ್ರ ಒಂದು ಹನಿಯೂ...

"ಒಂದು ಹನಿಯೂ ಏನು?" ನಾನು ಹೇಳಿ ಬರೆಸುತ್ತಿರುವುದನ್ನು ಕೇಳಿ, ಪಕ್ಕದಲ್ಲಿ ನೂಲು ಸುತ್ತುತ್ತಿರುವ ಬೊಗಿತೊರಾ ತಲೆಯೆತ್ತಿದ್ದಾಳೆ. "ಇದನ್ನ ಸಂಘದಲ್ಲಿ ಓದ್ತಾರೆ ಕಣಯ್ಯ. ನೀರೇ ಬರಲ್ಲ ಅಂತ ನಂಬಿ ಅಕ್ಕಿಮೂಟೆ ಕೆಳಗೆ ಇಟ್ಟುಕೊಂಡು ಕೂರ್ಲಿ ಅಂತಲಾ? ಸರಿಯಾಗಿ ಹೇಳು."

ಹೇಳುತ್ತೇನೆ. ನೀರು ಬಂತು. ಮೊಣಕಾಲುದ್ದ ಬಂದು ಎರಡು ದಿನ ಮನೆಗಳ ಕೆಳಗೆ ನಿಂತಿತ್ತು. ನಮ್ಮದೊಂದು ಕೋಳಿಗೂಡು ತೇಲಿಹೋಯಿತು. ಬೊಗಿತೊರಾಳ ಮಗ್ಗವನ್ನು ಮೇಲಕ್ಕೆ ಎಳೆದುಕೊಂಡೆವು. ನಾನು ಯಾವ ವೀರತನವನ್ನೂ ಮಾಡಲಿಲ್ಲ, ಹೆದರಿ ಮಗಳ ಮನೆಯಲ್ಲಿ ಕೂತಿದ್ದೆ. ಅವಳ ಏಣಿಯ ಕೆಳಗಿನ ಮೆಟ್ಟಿಲುಗಳು ಮುಳುಗಿದ್ದವು. ಮೇಲಿನ ಬಿದಿರಿನ ನೆಲ ಒಣಗಿಯೇ ಇತ್ತು. ಒಲೆಯಲ್ಲಿ ಅನ್ನ ಬೇಯುತ್ತಿತ್ತು. ಮಗು ಅದೇ ನೆಲದ ಮೇಲೆ ಬೋರಲು ಮಲಗಿ ನಿದ್ದೆ ಮಾಡುತ್ತಿತ್ತು, ಅದರ ಪಕ್ಕದಲ್ಲಿ ಜೋನಾಲಿಯೂ.