ಹದಿನೈದು ನಿಮಿಷ ಕಾದವಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಚಿಕ್ಕಂದಿನಿಂದ ಕೇಳಿ ಕೇಳಿ ನಾನದನ್ನು ಹೊಗಳಿಕೆ ಎಂದೇ ತಿಳಿದುಬಿಟ್ಟಿದ್ದೆ. ಹಾಗಲ್ಲ ಎಂದು ಗೊತ್ತಾಗುವ ಹೊತ್ತಿಗೆ ನನಗೆ ನಲವತ್ತಮೂರು ವರ್ಷವಾಗಿತ್ತು, ಭಾವ ಮೂರನೇ ಮಹಡಿಯ ಮೆಟ್ಟಿಲ ಮೇಲೆ ಕುಸಿದು ಕೂತಾಗಿತ್ತು.

ಭಾವ ಎಂದರೆ ಅಕ್ಕನ ಗಂಡ. ಅಮ್ಮ ತೀರಿಕೊಂಡಾಗ ನನಗೆ ಹನ್ನೊಂದು. ಆಗಷ್ಟೇ ಮದುವೆಯಾಗಿದ್ದ ಅಕ್ಕ-ಭಾವ ನನ್ನನ್ನು ತಮ್ಮ ಎರಡು ಕೋಣೆಯ ಮನೆಗೆ ಕರೆದುಕೊಂಡರು. ನನಗೆ ಸೈಕಲ್ ಕಲಿಸಿದ್ದು ಭಾವ. ಲೆಕ್ಕದಲ್ಲಿ ಫೇಲಾದಾಗ ಅಕ್ಕನಿಗೆ ಗೊತ್ತಾಗದ ಹಾಗೆ ಶಾಲೆಗೆ ಬಂದು ಸಹಿ ಹಾಕಿದ್ದೂ ಭಾವನೇ. ಅವರ ಕೆಲಸ ಲಿಫ್ಟ್ ರಿಪೇರಿ. ಊರಿನ ಲಿಫ್ಟುಗಳನ್ನೆಲ್ಲ ಎತ್ತಿ ಇಳಿಸುವ ಮನುಷ್ಯ ಇದ್ದದ್ದು ಮಾತ್ರ ಲಿಫ್ಟೇ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಯಾರಾದರೂ ನಕ್ಕರೆ, "ದಿನವೆಲ್ಲಾ ಅದರ ಮುಖ ನೋಡಿ ಸಾಕಾಗಿರುತ್ತೆ ಸ್ವಾಮಿ, ಮನೇಲೂ ನೋಡ್ಬೇಕಾ?" ಎನ್ನುತ್ತಿದ್ದರು.

ಮೂರು ವರ್ಷದಿಂದ ಅವರಿಗೆ ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಳ್ಳುತ್ತಿತ್ತು. ಎರಡನೇ ಮಹಡಿಗೆ ಬರುವಷ್ಟರಲ್ಲಿ ಶೂ ಲೇಸು ಕಟ್ಟಿಕೊಳ್ಳುವ ನೆಪದಲ್ಲಿ ಬಗ್ಗುವರು. ನೋವು ಬಂದಾಗ ಎಡಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಳ್ಳುವುದು ಅವರ ಅಭ್ಯಾಸ. ಬಾಯಿ ಬಿಟ್ಟು ಹೇಳುವವರಲ್ಲ. ನಾನು ಆ ಹೆಬ್ಬೆರಳನ್ನು ನೋಡಿಯೇ ತಿಳಿದುಕೊಳ್ಳುತ್ತಿದ್ದೆ. ಮಾತ್ರೆ ತಗೊಳ್ಳಿ, ಸಿಗರೇಟು ಬಿಡಿ ಎಂದು ಹಿಂದೆ ಬಿದ್ದರೆ, "ಆಯ್ತಮ್ಮ ನರ್ಸಮ್ಮ, ಅಪ್ಪಣೆ" ಎಂದು ಸಲಾಮು ಹೊಡೆಯುತ್ತಿದ್ದರು.

ನಾನು ಹೃದಯ ವಿಭಾಗದಲ್ಲಿ, ರಕ್ತನಾಳಕ್ಕೆ ಸ್ಟೆಂಟ್ ಹಾಕುವ ಕೋಣೆಯಲ್ಲಿ ನರ್ಸು. ಕಟ್ಟಿಕೊಂಡ ನಾಳವನ್ನು ಅಗಲಿಸಿ, ಮತ್ತೆ ಮುಚ್ಚದಂತೆ ಒಳಗಿಡುವ ಸಣ್ಣ ಲೋಹದ ಜಾಲರಿಯೇ ಸ್ಟೆಂಟು. ಹೃದಯಾಘಾತವಾದವರಿಗೆ ಅದು ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಡೆದಾಗ ಮಾತ್ರ ನೋವು ಬರುವ ಭಾವನಂಥವರಿಗೆ ಆರಾಮವಾಗುವುದು ಎಷ್ಟು ಜಾಲರಿಯಿಂದ, ಎಷ್ಟು 'ನನಗೆ ಹಾಕಿದ್ದಾರೆ' ಎಂಬ ಧೈರ್ಯದಿಂದ? ನಮ್ಮ ದೊಡ್ಡ ಡಾಕ್ಟರಮ್ಮ ಅದನ್ನೇ ಕಂಡುಹಿಡಿಯಲು ಹೊರಟಿದ್ದರು. ಒಪ್ಪಿದ ರೋಗಿಗಳಿಗೆಲ್ಲ ಒಂದೇ ಬಗೆಯ ಮಾತ್ರೆ. ಎಲ್ಲರನ್ನೂ ಕೋಣೆಗೆ ತಂದು, ಕಿವಿಗೆ ಹಾಡು ಹಾಕಿ, ಮಂಪರು ಬರಿಸಿ, ಮಣಿಕಟ್ಟಿನಿಂದ ನಳಿಕೆ ತೂರಿಸುವುದು. ಆಮೇಲೆ ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹೇಳುತ್ತದೆ: ಇವರಿಗೆ ಹಾಕಿ, ಇವರಿಗೆ ಬೇಡ. ಬೇಡ ಎಂದರೆ ನಾವು ಹದಿನೈದು ನಿಮಿಷ ಸುಮ್ಮನೆ ನಿಂತು ಕಾದು ರೋಗಿಯನ್ನು ಹೊರಗೆ ಕಳಿಸಬೇಕು. ವಾರ್ಡಿನವರಿಗೂ ರೋಗಿಗೂ ಯಾವುದೂ ಗೊತ್ತಾಗಬಾರದು. ಆರು ವಾರದ ನಂತರ ನಡಿಗೆ ಯಂತ್ರದ ಮೇಲೆ ಪರೀಕ್ಷೆ, ಅದಾದ ಮೇಲೆ ಗುಟ್ಟು ಬಿಚ್ಚುವುದು. ಹಾಕಿಸಿಕೊಳ್ಳದವರು ಬೇಕಾದರೆ ಆಗ ಹಾಕಿಸಿಕೊಳ್ಳಬಹುದು.

ಗಡಿಯಾರ ನೋಡಿ ಆ ಹದಿನೈದು ನಿಮಿಷ ಬರೆದಿಡುವುದು ನನ್ನ ಕೆಲಸ.

ಆವತ್ತು ಮೇಜಿನ ಮೇಲಿದ್ದವರ ಹೆಸರು ನಮಗಿರಲಿಲ್ಲ, ನಂಬರು ಮಾತ್ರ. ಮೈತುಂಬ ಹಸಿರು ಬಟ್ಟೆ, ಮುಖಕ್ಕೆ ಅಡ್ಡ ಪರದೆ. ನಳಿಕೆ ಒಳಗೆ ಹೋದ ಮೇಲೆ ಬಟ್ಟೆ ಸರಿಪಡಿಸಲು ಹೋದರೆ ಎಡಗಾಲಿನ ಕಿರುಬೆರಳೇ ಇಲ್ಲ! ಭಾವನ ಆ ಬೆರಳು ಹೋದದ್ದು ಲಿಫ್ಟಿನ ಬಾಗಿಲಿಗೆ ಸಿಕ್ಕಿ. ಆಗ ಆಸ್ಪತ್ರೆಯಲ್ಲಿ ಮೂರು ದಿನ ಪಕ್ಕದಲ್ಲಿ ಕೂತಿದ್ದವಳೇ ನಾನು. ನನಗೆ ಹೇಳದೆ ಈ ಪ್ರಯೋಗಕ್ಕೆ ಹೆಸರು ಕೊಟ್ಟಿದ್ದರು ಮಹಾನುಭಾವರು. 'ಈ ವಿಭಾಗದಲ್ಲಿ ಸಂಬಂಧಿಕರು ಕೆಲಸ ಮಾಡುತ್ತಾರೆಯೇ' ಎಂಬುದಕ್ಕೆ ಇಲ್ಲ ಎಂದು ಬರೆದಿದ್ದರಂತೆ. ಹೌದೆಂದರೆ ಸೇರಿಸಿಕೊಳ್ಳುವುದಿಲ್ಲವಲ್ಲ!

ಪರಿಚಯದವರೆಂದು ಗೊತ್ತಾದ ಕ್ಷಣವೇ ಕೈಯೆತ್ತಿ ಹೊರಗೆ ಹೋಗಬೇಕು, ನಿಯಮ. ನಾನು ಹೋಗಲಿಲ್ಲ. ಹೋದರೆ ಬದಲಿ ನರ್ಸಿಲ್ಲ, ಕೇಸೇ ನಿಂತುಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನಗೆ ತಿಳಿದುಕೊಳ್ಳುವ ಚಪಲವಿತ್ತು. ಇಡೀ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದು ನನಗೊಬ್ಬಳಿಗೇ ಗೊತ್ತಿರಲಿ ಎನ್ನುವ ಹಾಳು ಆಸೆ.

ಕಂಪ್ಯೂಟರ್ ಬೇಡ ಎಂದಿತು. ನಾನು ಗಡಿಯಾರ ನೋಡುತ್ತ ನಿಂತೆ. ಭಾವ ಮಂಪರಿನಲ್ಲೇ ಕಿವಿಯೊಳಗಿನ ಹಾಡಿಗೆ ಅಪಸ್ವರದಲ್ಲಿ ಗುನುಗುತ್ತಿದ್ದರು. ಹದಿನೈದು ನಿಮಿಷ ಮುಗಿದಾಗ ಸಹಿ ಹಾಕಿದೆ.

ಮುಂದಿನ ಭಾನುವಾರ ಎಂದಿನಂತೆ ಅಕ್ಕನ ಮನೆಗೆ ಊಟಕ್ಕೆ ಹೋದರೆ ಭಾವ ಬಾಗಿಲಲ್ಲೇ, "ಏನೇ ನರ್ಸಮ್ಮ, ನಿಮ್ಮ ಆಸ್ಪತ್ರೆಯೋರು ನಂಗೆ ಹೊಸ ಪೈಪ್ ಹಾಕಿದಾರೆ ನೋಡು!" ಎಂದರು.

"ಹಾಕಿರಬಹುದು, ಹಾಕದೇನೂ ಇರಬಹುದು ಭಾವ. ಆರು ವಾರ ಆಗ್ಲಿ," ಎಂದೆ, ಏನೂ ತಿಳಿಯದವಳ ಹಾಗೆ.

"ಹೋಗೇ, ಮೂವತ್ತೈದು ವರ್ಷ ಮಷಿನ್ ಜೊತೆ ಏಗಿದೋನು ನಾನು. ಒಳಗೆ ಸಾಮಾನು ಬದಲಾಗಿದ್ರೆ ಗೊತ್ತಾಗಲ್ವಾ?"

ಅಕ್ಕ ನಕ್ಕಳು. ನಾನೂ ನಕ್ಕೆ. ನಾಲ್ಕು ಭಾನುವಾರ ಹಾಗೆಯೇ ನಕ್ಕೆ. ಅಷ್ಟರಲ್ಲಿ ಅವರು ನಾಲ್ಕು ಮಹಡಿಯನ್ನೂ ಒಂದೇ ಉಸಿರಿಗೆ ಹತ್ತುತ್ತಿದ್ದರು. ಶೂ ಲೇಸಿನ ನಾಟಕವಿಲ್ಲ, ಹೆಬ್ಬೆರಳು ಮುಷ್ಟಿಯೊಳಗೆ ಹೋಗುತ್ತಿರಲಿಲ್ಲ. ಸಿಗರೇಟೂ ಬಿಟ್ಟಿದ್ದರು, ಹೊಸ ಪೈಪಿಗೆ ಮಸಿ ಯಾಕೆ ಅಂತ. ಮಾತ್ರೆ ತಪ್ಪಿಸುತ್ತಿರಲಿಲ್ಲ. ಮೂರು ವರ್ಷ ನಾನು ಬಡಕೊಂಡರೂ ಆಗದ್ದು ಇಲ್ಲದ ಒಂದು ಜಾಲರಿಯಿಂದ ಆಗಿತ್ತು. ಸಂತೋಷಪಡಬೇಕಿತ್ತು ನಾನು. ಪಟ್ಟೆನೇ? ಇಲ್ಲ. ಒಳಗೊಳಗೇ ಹೊಟ್ಟೆ ಉರಿಯುತ್ತಿತ್ತು. ಹೇಳಿಕೊಳ್ಳಲು ನಾಚಿಕೆ, ಆದರೂ ಇದ್ದದ್ದು ಅದೇ.

ಐದನೇ ಭಾನುವಾರ. ಭಾವ ಕೆಳಗೆ ಸಿಕ್ಕಿದರು, ನನ್ನ ಕೈಯಲ್ಲಿದ್ದ ಚೀಲ ಕಿತ್ತುಕೊಂಡು ಮುಂದೆ ಹತ್ತಿದರು. ವಾರವಿಡೀ ಡ್ಯೂಟಿ ಮಾಡಿ ನನಗೆ ಸುಸ್ತು. ಮೂರನೇ ಮಹಡಿಯಲ್ಲಿ ಕಂಬಿ ಹಿಡಿದು ನಿಂತು ಏದುಸಿರು ಬಿಡುತ್ತಿದ್ದೆ. ಅದೇ ಮಹಡಿಯಲ್ಲಿರುವ ಟೈಲರಮ್ಮ ತಮ್ಮ ಬಾಗಿಲಲ್ಲಿ ನಿಂತಿದ್ದರು. ಭಾವ ಮೇಲಿನಿಂದ ಬಗ್ಗಿ ನೋಡಿ, "ನೋಡಿ ಟೈಲರಮ್ಮ, ಹಾರ್ಟ್ ಡಿಪಾರ್ಟ್‌ಮೆಂಟೋಳಿಗೇ ದಮ್ಮಿಲ್ಲ! ಅಲ್ಲಿ ಇವಳ ಕೆಲಸ ಏನು ಗೊತ್ತಾ? ಬೆಡ್‌ಶೀಟ್ ಮಡಚೋದು!" ಎಂದು ಜೋರಾಗಿ ನಕ್ಕರು.

ಟೈಲರಮ್ಮನೂ ನಕ್ಕು ಒಳಗೆ ಹೋದರು. ತಮಾಷೆ ಅಷ್ಟೇ. ಮೂವತ್ತು ವರ್ಷದಿಂದ ಅವರು ನನ್ನನ್ನು ಹಾಗೆಯೇ ರೇಗಿಸುತ್ತಿದ್ದರು, ನಾನೂ ಬಿಟ್ಟವಳಲ್ಲ. ಆವತ್ತು ಮಾತ್ರ ಪಿತ್ತ ನೆತ್ತಿಗೇರಿತು.

"ನಿಮ್ಮ ಎದೇಲಿ ಏನೂ ಇಲ್ಲ ಭಾವ," ಎಂದೆ. "ಯಾವ ಪೈಪೂ ಇಲ್ಲ. ನಾನೇ ಇದ್ದೆ ಅಲ್ಲಿ. ಹದಿನೈದು ನಿಮಿಷ ಗಡಿಯಾರ ನೋಡ್ಕೊಂಡು ನಿಂತು ನಿಮ್ಮನ್ನ ಹಾಗೇ ಹೊರಗೆ ಕಳಿಸಿದ್ವಿ. ಬೆಡ್‌ಶೀಟ್ ಮಡಚಿದ್ದೂ ನಾನೇ."

ಆಡಿದ ಮಾತು ವಾಪಸ್ ನುಂಗುವಂತಿದ್ದರೆ! ಭಾವನ ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಕಣ್ಣು ಮಾತ್ರ ನಗುತ್ತಿರಲಿಲ್ಲ. ಚೀಲವನ್ನು ಮೆಲ್ಲಗೆ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತರು. ಎಡಗೈ ಹೆಬ್ಬೆರಳು ಮುಷ್ಟಿಯೊಳಗೆ ಹೋಯಿತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು.

"ಭಾವ, ಸಿಟ್ಟಲ್ಲಿ ಏನೋ..."

"ಸುಳ್ಳಾ?" ಎಂದರು.

ನಾನು ತಲೆ ತಗ್ಗಿಸಿದೆ. ಸುಳ್ಳು ಎಂದು ಒಂದು ಮಾತು ಹೇಳಿದ್ದರೆ ನಂಬಿಬಿಡುತ್ತಿದ್ದರೋ ಏನೋ.

"ಅಕ್ಕನಿಗೆ ಹೇಳ್ಬೇಡ," ಎಂದು ಕಂಬಿ ಹಿಡಿದು ಎದ್ದರು. ಆ ದಿನ ಊಟದಲ್ಲಿ ಯಾರನ್ನೂ ರೇಗಿಸಲಿಲ್ಲ.

ಬುಧವಾರ ಅಕ್ಕನ ಫೋನು. "ಏನಾಯ್ತೋ ಕಣೇ, ಮತ್ತೆ ಎರಡನೇ ಮಹಡೀಲಿ ಕೂತ್ಕೋತಿದಾರೆ. ನಿನಗೆ ಫೋನ್ ಮಾಡ್ತೀನಿ ಅಂದ್ರೆ, ಅವಳಿಗೆ ಯಾಕೆ ತೊಂದ್ರೆ ಅಂತ ನನ್ ಮೇಲೇ ರೇಗ್ತಾರೆ." ಶುಕ್ರವಾರ ಮತ್ತೆ ಫೋನು: ಇವತ್ತು ಒಂದನೇ ಮಹಡಿಯಲ್ಲೇ ಕೂತರಂತೆ.

ದೊಡ್ಡ ಡಾಕ್ಟರಮ್ಮನ ಬಾಗಿಲವರೆಗೆ ಎರಡು ಸಲ ಹೋಗಿ ವಾಪಸ್ ಬಂದೆ. ಹೇಳಿದರೆ ಕೆಲಸಕ್ಕೇ ಕುತ್ತು. ಇಪ್ಪತ್ತು ವರ್ಷ ಅಲ್ಲಿ ತಲೆ ಎತ್ತಿ ಓಡಾಡಿದವಳು ನಾನು. ಇನ್ನೊಂದು ವಾರಕ್ಕೆ ಪರೀಕ್ಷೆ ಮುಗಿದು ಗುಟ್ಟು ಹೇಗೂ ಬಿಚ್ಚುತ್ತಾರೆ, ಭಾವನಿಗೆ ಸ್ಟೆಂಟು ಹಾಕುತ್ತಾರೆ, ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಭಾವನ ಎದೆಗಿಂತ ನನ್ನ ಮರ್ಯಾದೆ ನನಗೆ ದೊಡ್ಡದಾಯಿತು.

ಪರೀಕ್ಷೆಯ ದಿನ ಬೆಳಿಗ್ಗೆ ಆ ಕೋಣೆಯ ಹತ್ತಿರ ನಾನು ಸುಳಿಯಲೂ ಬಾರದು. ಆದರೂ ಹೋದೆ. ಬಾಗಿಲಿನ ಗಾಜಿನಿಂದ ನೋಡಿದೆ. ಭಾವ ಎದೆತುಂಬ ವೈರು ಅಂಟಿಸಿಕೊಂಡು ಯಂತ್ರದ ಪಟ್ಟಿಯ ಮೇಲೆ ನಡೆಯುತ್ತಿದ್ದರು. ಪಕ್ಕದಲ್ಲಿ ಟೆಕ್ನಿಷಿಯನ್ ಹುಡುಗಿ ಪರದೆಯ ಮೇಲಿನ ಎದೆಬಡಿತದ ಗೆರೆ ನೋಡುತ್ತಿದ್ದಳು.

"ಎದೆ ನೋವಿದೆಯಾ ಸಾರ್?"

"ಇಲ್ಲಮ್ಮ, ಜೋರು ಮಾಡು."

ಮುಖ ಬೂದಿಯಾಗಿತ್ತು. ಹಣೆಯಿಂದ ಬೆವರು ಇಳಿಯುತ್ತಿತ್ತು. ಎಡಗೈ ಮುಷ್ಟಿ ಬಿಗಿಯಾಗಿತ್ತು, ಹೆಬ್ಬೆರಳು ಕಾಣುತ್ತಿರಲಿಲ್ಲ.

"ಗೆರೆ ಸ್ವಲ್ಪ ಇಳೀತಿದೆ ಸಾರ್. ನಿಜವಾಗಲೂ ನೋವಿಲ್ವಾ? ನಿಲ್ಲಿಸ್ಲಾ?"

"ಬೇಡ ಬೇಡ. ಚೆನ್ನಾಗಿದೀನಿ."

ಯಾಕೆ ಹಾಗೆ ಮಾಡುತ್ತಿದ್ದಾರೆಂದು ಆಗ ನನಗೆ ಹೊಳೆಯಿತು. ಚೆನ್ನಾಗಿದ್ದವರು ಇದ್ದಕ್ಕಿದ್ದಂತೆ ಕುಸಿದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ನನ್ನ ಹೆಸರು ಬರುತ್ತದೆ. ಅದಕ್ಕೇ ನಡೆಯುತ್ತಿದ್ದರು.

ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದೆ. "ನಿಲ್ಸು! ಅವರಿಗೆ ನೋವಿದೆ. ಸ್ಟೆಂಟ್ ಹಾಕಿಲ್ಲ. ನಾನೇ ಅವರಿಗೆ ಹೇಳಿಬಿಟ್ಟೆ."

ಹುಡುಗಿ ಗಾಬರಿಯಾಗಿ ಗುಂಡಿ ಒತ್ತಿದಳು. ಭಾವ ಕಂಬಿಗೆ ಜೋತುಬಿದ್ದರು. ನಾನು ಎದೆನೋವಿನ ಮಾತ್ರೆಯನ್ನು ಅವರ ನಾಲಿಗೆಯ ಕೆಳಗಿಟ್ಟೆ. ಉಸಿರು ಸಿಕ್ಕಿದ ಕೂಡಲೇ ಭಾವ ಹುಡುಗಿಯ ಕಡೆ ತಿರುಗಿ, "ಇವಳ ಮಾತು ಬರ್ಕೋಬೇಡಮ್ಮ. ಇವಳೇನೂ ಹೇಳಿಲ್ಲ. ಸ್ವಲ್ಪ ಸಿಟ್ಟು ಜಾಸ್ತಿ ಅಷ್ಟೇ, ಒಳ್ಳೆ ಹುಡುಗಿ," ಎಂದರು.

ಮೇಜಿನ ಮೇಲೆ ಅವರು ಆಗಲೇ ತುಂಬಿಸಿದ್ದ ಹಾಳೆಯಿತ್ತು. 'ನಿಮಗೆ ಸ್ಟೆಂಟ್ ಹಾಕಿದ್ದಾರೆ ಎನಿಸುತ್ತದೆಯೇ?' ಹೌದು ಎಂಬಲ್ಲಿ ಗುರುತು. 'ಯಾಕೆ?' ಎಂಬುದರ ಮುಂದೆ ಅವರ ಸೊಟ್ಟ ಅಕ್ಷರ: 'ಮೆಟ್ಟಿಲು ಹತ್ತಿದರೆ ನೋವಿಲ್ಲ.' ಅಲ್ಲೇ ನಿಂತು ಗೊಳೋ ಎಂದು ಅತ್ತೆ.

ದೊಡ್ಡ ಡಾಕ್ಟರಮ್ಮ ಕಿರುಚಾಡಲಿಲ್ಲ. ಕಿರುಚಾಡಿದ್ದರೆ ಒಳ್ಳೆಯದಿತ್ತು. "ಅವರಿಗೆ ಹೇಳಿದ್ದು ತಪ್ಪು. ಅವತ್ತು ಕೋಣೆಯಿಂದ ಹೊರಗೆ ಹೋಗದೇ ಇದ್ದದ್ದು ಅದಕ್ಕಿಂತ ತಪ್ಪು. ಈ ಒಂದು ವಾರ ಸುಮ್ಮನಿದ್ದದ್ದಕ್ಕೆ ನನ್ನ ಹತ್ರ ಮಾತಿಲ್ಲ," ಎಂದರು. ನಡೆದದ್ದನ್ನೆಲ್ಲ ಬರೆದು ಮೇಲಿನವರಿಗೆ ಕಳಿಸಿದರು. ನನ್ನನ್ನು ಆಪರೇಷನ್ ಸಾಮಾನು ತೊಳೆದು ಕಟ್ಟುವ ವಿಭಾಗಕ್ಕೆ ಹಾಕಿದರು. ಅದರಲ್ಲಿ ಅನ್ಯಾಯವೇನೂ ಇಲ್ಲ.

ಮರುವಾರ ಬೇರೆ ತಂಡದವರು ಭಾವನಿಗೆ ಸ್ಟೆಂಟು ಹಾಕಿದರು. ಚೆನ್ನಾಗಿ ಕೂತಿತ್ತು. ತಿಂಗಳಾದ ಮೇಲೆ ಮಾಡಿದ ಪರೀಕ್ಷೆಯಲ್ಲಿ ಗೆರೆ ಇಳಿಯಲೇ ಇಲ್ಲ.

ಆದರೂ ಮೊನ್ನೆ ಭಾನುವಾರ ಒಟ್ಟಿಗೆ ಮೆಟ್ಟಿಲು ಹತ್ತುವಾಗ ಮೂರನೇ ಮಹಡಿಯಲ್ಲಿ ಭಾವ ನಿಂತರು. ನಾನು ಮೊದಲು ನೋಡಿದ್ದು ಹೆಬ್ಬೆರಳನ್ನು. ಒಳಗಿತ್ತು.

"ಇದೆ ತಾನೇ?" ಎಂದರು, ಎದೆ ಮುಟ್ಟಿಕೊಂಡು.

"ಇದೆ ಭಾವ. ಈ ಸಲ ನಿಜವಾಗಲೂ ಇದೆ. ಚಿತ್ರ ನಾನೇ ಕಣ್ಣಾರೆ ನೋಡಿದೀನಿ."

ಅವರು ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ. ಮಗುವಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು.

"ಆವತ್ತೂ ನೀನು ಕಣ್ಣಾರೆ ನೋಡಿದ್ದೆ ಕಣೇ. ನಾಲ್ಕು ಭಾನುವಾರ ನನ್ ಜೊತೆ ಊಟ ಮಾಡ್ಕೊಂಡು ನಕ್ಕೆ."

ಟೈಲರಮ್ಮನ ಮನೆಯ ಬಾಗಿಲು ತೆರೆದಿತ್ತು, ಹೊಲಿಗೆ ಯಂತ್ರ ಓಡುತ್ತಿತ್ತು. ನಾನು ಅವರ ಕೈಯಿಂದ ಚೀಲ ತೆಗೆದುಕೊಂಡೆ. ಭಾವ ಕಂಬಿ ಹಿಡಿದು ಮೆಟ್ಟಿಲ ಮೇಲೆ ಕೂತರು. ನಾನು ಎರಡು ಮೆಟ್ಟಿಲು ಕೆಳಗೆ ಕೂತು, ಅವರು ಏಳುವವರೆಗೂ ಕಾದೆ. ಎಷ್ಟು ನಿಮಿಷ ಎಂದು ನೋಡಲಿಲ್ಲ.