ಲೀನಸ್ ಬ್ರಾಂಟನ ತೋಳು

ಫೆರ್ಡನ್ ಊರಿನಲ್ಲಿ ಗೊಬ್ಬರ ಎರಚುವ ಗಾಡಿ ನೆಟ್ಟಗೆ ಎರಚದೆ ಬೇಲಿಯಾಚೆ ಪಕ್ಕದವರ ಜೋಳಕ್ಕೆ ಎರಚಿದರೆ ‘ಗಾಡಿ ಲೀನಸ್ ಆಗಿದೆ’ ಅನ್ನುತ್ತಾರೆ. ಹಸು ಹಾಲಿನ ಬಕೆಟ್ಟಿಗೆ ಒದ್ದರೆ ಅದು ಲೀನಸ್ ಅಲ್ಲ. ಬಕೆಟ್ಟಿಗೆ ಒದೆಯಲು ಹೋಗಿ ಗೋಡೆಗೆ ಒದ್ದರೆ ಲೀನಸ್. ಹೀಗೆ ಮಾತಾಡುವವರಲ್ಲಿ ಮುಕ್ಕಾಲು ಮಂದಿಗೆ ಅದು ಒಬ್ಬ ಮನುಷ್ಯನ ಹೆಸರೆಂದೇ ಗೊತ್ತಿಲ್ಲ.

ಗೊತ್ತಿದ್ದವರಲ್ಲಿ ಮೂವರು ಆ ಸೋಮವಾರ ಬೆಳಿಗ್ಗೆ ಆರೂವರೆಗೆ ರೀಟಾಳ ಕಾಫಿ ಅಂಗಡಿಯ ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದರು. ಊರ ಬೇಸ್‌ಬಾಲ್ ಮೈದಾನದ ಸಮಿತಿ ಅಂದರೆ ಇವರೇ. ಬೀಜ ಮಾರಿ ನಿವೃತ್ತನಾದ ಸಿರಿಲ್ ಅಧ್ಯಕ್ಷ. ಅವನಪ್ಪ ಒಂದು ಕಾಲಕ್ಕೆ ತಂಡದ ಮ್ಯಾನೇಜರ್ ಆಗಿದ್ದ. ಮಗ ಜೀವಮಾನದಲ್ಲಿ ದೂರಕ್ಕೆ ಎಸೆದದ್ದೆಂದರೆ ಮಾತು ಮಾತ್ರ. ಎರಡನೆಯವನು ಬಣ್ಣ ಬಳಿಯುವ ಹರ್ಬ್. ಅವನಿಗೆ ಸ್ವಂತ ಅಭಿಪ್ರಾಯ ಅಂತ ಒಂದು ಇದ್ದದ್ದು ಮೂವತ್ತು ವರ್ಷದ ಹಿಂದೆ, ಅದೂ ಟ್ರ್ಯಾಕ್ಟರಿನ ಬಣ್ಣದ ಬಗ್ಗೆ. ಮೂರನೆಯವನು ಅಲೋಯಿಸ್ ಕೆಟ್ಲರ್. ಹದಿನಾಲ್ಕು ವರ್ಷ ಊರ ತಂಡದಲ್ಲಿ ಎಸೆದ ಚೆಂಡು ಹಿಡಿಯುವ ಕ್ಯಾಚರ್ ಆಗಿ ಕುಕ್ಕರಗಾಲಲ್ಲಿ ಕೂತವನು, ಈಗ ಎಪ್ಪತ್ತೊಂಬತ್ತರಲ್ಲಿ ಕುರ್ಚಿಯಿಂದ ಏಳಬೇಕಾದರೆ ಮೇಜನ್ನು ಕೇಳಿಕೊಂಡು ಏಳುತ್ತಿದ್ದ.

ಹರ್ಬ್ ಕಾಗದ ಓದಿದ. ಬರೆದವಳು ಲೀನಸ್‌ನ ಮಗಳು. ಅಪ್ಪ ಫೆಬ್ರವರಿಯಲ್ಲಿ ತೀರಿಕೊಂಡರು. ಮೈದಾನದ ಬೇಲಿಯ ಮೇಲೆ ಹಳೆಯ ಆಟಗಾರರ ಹೆಸರಿನ ಹಲಗೆ ಇದೆಯಂತೆ, ಅದರಲ್ಲಿ ಅವರ ಹೆಸರನ್ನೂ ಬರೆಯಲು ಸಾಧ್ಯವೇ. ಭಾನುವಾರ ಈ ಸಾಲಿನ ಮೊದಲ ಆಟಕ್ಕೆ ಬರುತ್ತೇನೆ.

“ಸತ್ತನಾ? ಸ್ವರ್ಗಕ್ಕೆ ಅಂತ ಹೊರಟು ಎಲ್ಲಿಗೆ ಹೋಗಿ ಬಿದ್ದನೋ, ಅವನ ಗುರಿ ನಂಬೋ ಹಾಗಿಲ್ಲ,” ಅಂದ ಸಿರಿಲ್.

ಹರ್ಬ್ ನಕ್ಕ. ಅಲೋಯಿಸನೂ ನಗುವಷ್ಟು ತುಟಿ ಎಳೆದ. ಅಭ್ಯಾಸ.

“ಅಲ್ಲಿ ಇದ್ದದ್ದು ಒಂಬತ್ತೇ ದಿನ ಕಣೋ,” ಸಿರಿಲ್ ಬೆರಳು ಮಡಚಿದ. “ಅರವತ್ತೊಂಬತ್ತರ ಸೆಪ್ಟೆಂಬರ್. ನಮ್ಮೂರ ಚೆಂಡು ಎಸೆಯೋನು ದೊಡ್ಡ ಲೀಗಿಗೆ ಹೋದ ಅಂತ ಇಡೀ ಊರು ಹಾಲಿನ ಡೇರಿಯಲ್ಲಿ ರೇಡಿಯೋ ಮುಂದೆ ಕೂತಿತ್ತು. ಪಾದ್ರಿಗಳೂ ಬಂದಿದ್ರು. ಮೂರು ಆಟ, ಗುರಿ ತಪ್ಪಿ ಎಸೆದೂ ಎಸೆದೂ ಹನ್ನೊಂದು ಜನಕ್ಕೆ ಮೊದಲ ಬೇಸಿಗೆ ಪುಕ್ಕಟೆ ದಾರಿ ಬಿಟ್ಟ. ಬ್ಯಾಟ್ ಎತ್ತೋದೇ ಬೇಡ, ಸುಮ್ಮನೆ ನಿಂತ್ಕೊಂಡಿದ್ರೆ ಸಾಕು, ಲೀನಸ್ ಕೈಹಿಡಿದು ನಡೆಸ್ತಾನೆ. ಹೊಡೆಯೋನಿಗಿಂತ ಸ್ಟ್ಯಾಂಡಿನ ಪಾರಿವಾಳಕ್ಕೇ ಭಯ ಜಾಸ್ತಿ.”

“ಆಮೇಲೆ ಊರಿಗೆ ಮುಖಾನೇ ತೋರಿಸ್ಲಿಲ್ಲ,” ಅಂದ ಹರ್ಬ್.

“ಯಾವ ಮುಖ ತೋರಿಸ್ತಾನೆ? ಡುಲೂತ್ ಪಟ್ಟಣದಲ್ಲಿ ಬ್ರೆಡ್ಡಿನ ವ್ಯಾನ್ ಓಡಿಸ್ತಿದ್ದನಂತೆ. ಅದನ್ನಾದ್ರೂ ಸರಿಯಾದ ಮನೆಗೆ ಕೊಟ್ಟನೋ ಇಲ್ವೋ.”

ರೀಟಾ ಕಾಫಿ ಸುರಿಯಲು ಬಂದಳು. “ಸತ್ತವರ ಬಗ್ಗೆ ಹಾಗೆಲ್ಲ ಆಡಬಾರದು.”

“ಬದುಕಿದ್ದಾಗ್ಲೂ ಇದನ್ನೇ ಆಡ್ತಿದ್ವಿ ತಾಯಿ, ಭೇದ ಮಾಡಿಲ್ಲ,” ಅಂದ ಸಿರಿಲ್. ಆಮೇಲೆ ಕಾಗದವನ್ನು ಲೋಟದ ಕೆಳಗೆ ತಳ್ಳಿದ. “ಹಲಗೆಯಲ್ಲಿ ಜಾಗ ಇಲ್ಲ ಅಂತ ಬರೀತೀನಿ. ಸುಳ್ಳೂ ಅಲ್ಲ. ಇಪ್ಪತ್ತು ಸಾಲು, ಇಪ್ಪತ್ತು ಹೆಸರು.”

“ಬರೀಬೇಕು ಅಂತ ನನಗನ್ಸುತ್ತೆ,” ಅಂದ ಅಲೋಯಿಸ್.

ಸಿರಿಲ್ ಅವನನ್ನು ಜ್ವರ ಬಂದ ದನವನ್ನು ನೋಡುವಂತೆ ನೋಡಿದ. “ನೀನಾ? ಗೊಬ್ಬರದ ಗಾಡಿ ಜೋಕು ಮೊದಲು ಹೇಳಿದೋನೇ ನೀನಲ್ವೇನೋ.”

ಹೌದು. ಆ ಸೆಪ್ಟೆಂಬರಿನಲ್ಲೇ, ಡೇರಿಯಲ್ಲಿ, ರೇಡಿಯೋ ಆರಿಸಿದ ಕೂಡಲೇ ಹೇಳಿದ್ದ. ಯಾರಾದರೂ ಬೇರೇನಾದರೂ ಕೇಳುವ ಮುಂಚೆ ನಗಿಸಿಬಿಡಬೇಕಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಾರೂ ಏನೂ ಕೇಳಲಿಲ್ಲ. ಐವತ್ತಾರು ವರ್ಷ ಹಾಗೇ ಸಾಗಿತ್ತು.

ಅಲೋಯಿಸ್ ಕಾಫಿಯನ್ನು ಪಕ್ಕಕ್ಕೆ ಸರಿಸಿದ. “ಅರವತ್ತೇಳರ ಆಗಸ್ಟು. ಸೇಂಟ್ ಓಡೋ ಊರಿನವರ ಜೊತೆ ಒಂದೇ ದಿನ ಎರಡು ಆಟ ಇತ್ತಲ್ಲ.”

“ಎರಡೂ ಗೆದ್ವಿ,” ಅಂದ ಸಿರಿಲ್. ಸೇಂಟ್ ಓಡೋ ಊರಿನವರನ್ನು ಸೋಲಿಸಿದ್ದು ಫೆರ್ಡನ್‌ಗೆ ಮಳೆ ಬೆಳೆಗಿಂತ ದೊಡ್ಡ ಸಂಗತಿ.

“ಲೀನಸ್ ಅಷ್ಟೊತ್ತಿಗೆ ದೊಡ್ಡ ಲೀಗಿನವರ ಕರಾರಿಗೆ ಸಹಿ ಹಾಕಿದ್ದ. ಹತ್ತು ದಿನದಲ್ಲಿ ಹೊರಡಬೇಕು, ಅಲ್ಲೀತನಕ ಎಲ್ಲೂ ಎಸೀಬೇಡ ಅಂದಿದ್ರು. ನಿಮ್ಮಪ್ಪ ಒಂದೇ ಒಂದು ಆಟ ಆಡು ಅಂದ. ಆಡಿದ. ಆಟ ಮುಗಿದ ಮೇಲೆ ನೀರಿನ ಪಂಪಿನ ಹತ್ತಿರ ನನ್ನ ಕರೆದು, ಮೊಣಕೈ ಒಳಗೆ ಏನೋ ಕಿತ್ತ ಹಾಗಿದೆ, ಎರಡನೇದು ಆಡಲ್ಲ ಅಂತ ನಿಮ್ಮಪ್ಪನಿಗೆ ನೀನೇ ಹೇಳು, ನನಗೆ ಬಾಯಿ ಬರಲ್ಲ ಅಂದ.”

“ಹೇಳಿದೆಯಾ?” ಸಿರಿಲ್ ಕೇಳಿದ.

“ಇಲ್ಲ.”

ಕೆಟ್ಲರ್ ಮನೆಯವರು ಕುದುರೆ ಸಾಕಿದವರು. ಎಲ್ಲರೂ ಟ್ರ್ಯಾಕ್ಟರ್ ತಂದ ಮೇಲೂ ಅವನಪ್ಪ ಎರಡು ಜೊತೆ ಭಾರ ಎಳೆಯುವ ಕುದುರೆ ಇಟ್ಟುಕೊಂಡಿದ್ದ. ಮರಗಟ್ಟಿದ ಕುದುರೆಯನ್ನು ಲಾಯದಲ್ಲಿ ನಿಲ್ಲಿಸಿದರೆ ಇನ್ನಷ್ಟು ಮರಗಟ್ಟುತ್ತದೆ, ಗಾಡಿಗೆ ಕಟ್ಟಿ ಬೆವರು ಬರುವ ತನಕ ದುಡಿಸಿದರೆ ಮೈ ಸಡಿಲವಾಗುತ್ತದೆ ಅನ್ನುವುದು ಆ ಮನೆಯಲ್ಲಿ ಜಪದಷ್ಟೇ ಖಚಿತ. ಇಪ್ಪತ್ತೊಂದರ ಅಲೋಯಿಸ್ ಲೀನಸ್‌ನ ಮೊಣಕೈಯನ್ನು ಕುದುರೆಯ ಕಾಲು ಹಿಸುಕುವಂತೆ ಹಿಸುಕಿ ನೋಡಿದ್ದ. ಬಿಸಿ ಇತ್ತು. ಬಿಸಿ ಇದ್ದರೆ ಒಳ್ಳೆಯದು ಅಂದುಕೊಂಡಿದ್ದ. ಗಾಡಿಯಲ್ಲಿದ್ದ, ಕುದುರೆಗೆ ಹಚ್ಚುವ ಎಣ್ಣೆಯನ್ನು ಹೆಗಲಿನಿಂದ ಮಣಿಕಟ್ಟಿನ ತನಕ ತಿಕ್ಕಿ, ಮ್ಯಾನೇಜರ್ ಹತ್ತಿರ ಹೋಗಿ, “ಸ್ವಲ್ಪ ಮರಗಟ್ಟಿದೆ ಅಷ್ಟೆ, ಎಸೀತಾ ಎಸೀತಾ ಸರಿಹೋಗುತ್ತೆ” ಅಂದಿದ್ದ. ಒಂಬತ್ತು ಇನ್ನಿಂಗ್ಸಿಗೆ ಮುಗಿಯಬೇಕಿದ್ದ ಎರಡನೇ ಆಟ ಹದಿಮೂರರ ತನಕ ಎಳೆಯಿತು. ಕೊನೆಕೊನೆಗೆ ಚೆಂಡು ಅಲೋಯಿಸನ ಗ್ಲೌಸಿಗೆ ಬರುವಾಗ ಅದರ ಹಿಂದೆಯೇ ಲೀನಸ್‌ನ ನರಳಾಟವೂ ಕೇಳುತ್ತಿತ್ತು. ಅಲೋಯಿಸ್ ಮತ್ತೆ ಮತ್ತೆ ಗ್ಲೌಸು ಒಡ್ಡಿದ.

ಇದಿಷ್ಟನ್ನೂ ಅವನು ಮೇಜಿನ ಮೇಲೆ ಇಟ್ಟ. ದನಿ ಏರಲಿಲ್ಲ. ಹರ್ಬ್ ಚಮಚ ಆಡಿಸುವುದನ್ನು ನಿಲ್ಲಿಸಿದ.

ಸಿರಿಲ್ ಮೂಗು ಒರೆಸಿಕೊಂಡ. “ಆಮೇಲೂ ಎರಡು ವರ್ಷ ಎಸೆದನಲ್ಲ.”

“ಕುಂಟು ಕುದುರೇನೂ ಎರಡು ವರ್ಷ ಎಳೆಯುತ್ತೆ.”

“ಹಾಗಾದ್ರೆ ಕುದುರೆಯದ್ದೇ ತಪ್ಪು. ಗಟ್ಟಿ ಇದ್ದಿದ್ರೆ ತಡೀತಿತ್ತು.” ಸಿರಿಲ್ ಹಾಗೆ ಅಂದನೇ ಹೊರತು ಕಾಫಿಯ ಲೋಟದಿಂದ ಕಣ್ಣೆತ್ತಲಿಲ್ಲ. “ನೀನು ಇಷ್ಟು ವರ್ಷ ನಮ್ಮ ಜೊತೆ ಕೂತು ನಕ್ಕೆ. ಈಗ ಅವನು ಸತ್ತ ಮೇಲೆ ಪಾಪನಿವೇದನೆ. ಅದಕ್ಕೆ ಚರ್ಚಿದೆ, ಶನಿವಾರ ನಾಲ್ಕು ಗಂಟೆಗೆ. ಇಲ್ಲಿ ಕಾಫಿ ಕುಡೀತಾರೆ.”

ಅದರಲ್ಲಿ ಅಲೋಯಿಸನಿಗೆ ತೆಗೆದುಹಾಕುವಂಥದ್ದೇನೂ ಕಾಣಲಿಲ್ಲ. ಸಿರಿಲ್ ಮೂರ್ಖ, ಆದರೆ ಮೂರ್ಖನಾಗಿದ್ದು ಗೊತ್ತಿಲ್ಲದೆ. ತಾನು ಗೊತ್ತಿದ್ದೂ ಈ ಮೇಜಿನಲ್ಲಿ ಕೂತವನು. ಇಬ್ಬರಲ್ಲಿ ಯಾರ ಮೇಲೆ ಉಗಿಯಬೇಕು ಅನ್ನುವುದಕ್ಕೆ ಸಮಿತಿ ಸೇರಿಸಬೇಕಾಗಿಲ್ಲ.

“ಜಾಗ ಇಲ್ಲ ಅಂದ್ಯಲ್ಲ,” ಅಂದ. “ನನ್ನ ಹೆಸರು ಅಳಿಸು. ಅಲ್ಲಿ ಅವನದ್ದು ಬರಿ.”

“ಹದಿನಾಲ್ಕು ವರ್ಷ ಆಡಿದೀಯ,” ಅಂದ ಹರ್ಬ್.

“ಕೂತಿದ್ದೆ.”

ಸಿರಿಲ್ ಟೋಪಿ ಎತ್ತಿಕೊಂಡ. “ಕುಂಟು ಮಾಡಿದೋನನ್ನ ಇಳಿಸಿ, ಕುಂಟನನ್ನ ಏರಿಸಿ. ಏನಾದ್ರೂ ಮಾಡ್ಕೊಳ್ಳಿ. ನನ್ನ ಮತ ಇಲ್ಲ.” ಹೊರಟುಹೋದ. ಉಳಿದ ಇಬ್ಬರಲ್ಲಿ ಹರ್ಬ್ ಬಹಳ ಹೊತ್ತು ಬಾಗಿಲನ್ನೇ ನೋಡಿದ, ಅಭಿಪ್ರಾಯ ಆ ಕಡೆಯಿಂದ ಮತ್ತೆ ಒಳಗೆ ಬರಬಹುದೇನೋ ಎಂಬಂತೆ. ಬರಲಿಲ್ಲ. “ಗುರುವಾರ ಮಳೆ ಇಲ್ಲ ಅಂದ್ರೆ ಬಳೀತೀನಿ,” ಅಂದ ಕೊನೆಗೆ.

ಗುರುವಾರ ಮಳೆ ಬರಲಿಲ್ಲ.

ಭಾನುವಾರ ಪೂಜೆ ಮುಗಿಸಿ ಜನ ನೇರ ಮೈದಾನಕ್ಕೆ ಬಂದರು. ಹಲಗೆಯನ್ನು ನೋಡಿ ಕೆಲವರು, ಲೀನಸ್ ಅನ್ನೋನು ನಿಜವಾಗ್ಲೂ ಇದ್ದನಾ ಅಂತ ನಕ್ಕರು. ಮಗಳು ಐವತ್ತರ ಹತ್ತಿರದ, ಎತ್ತರದ ಹೆಂಗಸು. ಅಪ್ಪನದ್ದೇ ಉದ್ದ ತೋಳು. ಬೇಲಿಯ ಹತ್ತಿರ ಹೋಗಿ ಹೆಸರನ್ನು ಅಂಗೈಯಿಂದ ಮುಟ್ಟಿದಳು. ಆಮೇಲೆ ಯಾರೋ ಕೈತೋರಿಸಿದ್ದರಿಂದ ಅಲೋಯಿಸ್ ಕೂತಿದ್ದ ಬೆಂಚಿಗೆ ಬಂದಳು.

“ನೀವು ಅಪ್ಪನ ಕ್ಯಾಚರ್ ಅಂತೆ.”

“ಹೌದಮ್ಮ.”

“ಈ ಊರವರನ್ನ ಅಪ್ಪ ಯಾವತ್ತೂ ಬೈದಿಲ್ಲ. ಇಲ್ಲಿಗೆ ಬರೋಕೆ ನಾಚಿಕೆ ಆಗುತ್ತೆ ಅಂತಿದ್ರು. ತಾನೇ ಹುಲ್ಲಿನ ಗಾಡಿಯಿಂದ ಬಿದ್ದು ತೋಳು ಕೆಡಿಸ್ಕೊಂಡೆ, ಊರಿನ ಮರ್ಯಾದೆ ಕಳೆದೆ ಅಂತ.” ಅವಳು ನಕ್ಕಳು. “ಕೊನೆ ತನಕ ಬ್ರೆಡ್ಡಿನ ಟ್ರೇ ಎಡಗೈಯಲ್ಲೇ ಎತ್ತುತ್ತಿದ್ರು. ಆ ಹುಲ್ಲಿನ ಗಾಡಿ ಯಾರದ್ದು ಅಂತ ನಿಮಗೇನಾದ್ರೂ ನೆನಪಿದೆಯಾ?”

ಹಿಂದಿನ ಸಾಲಿನಲ್ಲಿ ಸಿರಿಲ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನ ಮಾತು ನಿಂತದ್ದು ಅಲೋಯಿಸನಿಗೆ ಕೇಳಿಸಿತು. ಹೌದು ಅಂದರೆ ಮುಗಿಯುತ್ತಿತ್ತು. ಲೀನಸ್ ತಾನೇ ಆ ಬಾಗಿಲು ತೆರೆದಿಟ್ಟು ಸತ್ತಿದ್ದ. ಯಾರದ್ದೋ ಒಂದು ಗಾಡಿ, ಸತ್ತವರ್ಯಾರದ್ದೋ ಹೆಸರು ಹೇಳಿದರೆ ಅವಳು ಸಾಯಂಕಾಲ ಸಂತೋಷದಿಂದ ಊರಿಗೆ ಹೋಗುತ್ತಿದ್ದಳು.

ಅಲೋಯಿಸ್ ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿದ.

“ಕೂತ್ಕೊಳ್ಳಮ್ಮ,” ಅಂದ. “ನಿಮ್ಮಪ್ಪ ಯಾವ ಗಾಡಿಯಿಂದಲೂ ಬೀಳಲಿಲ್ಲ.”